ಪ್ರಕಾರಭೇದ ಮತ್ತು ಓದುಗರ ಮೌಲ್ಯನಿರ್ಣಯ: ಕನ್ನಡದ ಕೆಲವು ಪುಸ್ತಕಗಳ ಹಿನ್ನೆಲೆಯಲ್ಲಿ

ಪುಸ್ತಕವೊಂದನ್ನು ಓದಿ ಮುಗಿಸಿದವರು 'ಚೆನ್ನಾಗಿದೆ' ಎಂದು ಹೇಳುವಾಗ ಅದರಲ್ಲಿನ ಯಾವುದನ್ನು ಚೆನ್ನಾಗಿದೆ ಎನ್ನುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯ ವಿಮರ್ಶೆ ನೇರವಾಗಿ ಎದುರಿಸಿರುವುದು ಕಡಿಮೆ. ಕೃತಿ, ಕೃತಿಕಾರ, ಕಾಲ, ಸಮಾಜ ಇವುಗಳ ಬಗ್ಗೆ ನಮ್ಮಲ್ಲಿ ವಿಪುಲವಾದ ಬರವಣಿಗೆ ಇದೆ. ಓದುಗರು ಮಾತ್ರ ಪ್ರಸ್ತಾವನೆಯಲ್ಲಿ ಒಮ್ಮೆ ಸಂಬೋಧನೆಗೆ ಪಾತ್ರರಾಗಿ ಅನಂತರ ಮರೆಯಾಗುತ್ತಾರೆ. ಕಾಣಿಸಿಕೊಂಡರೂ 'ಸಹೃದಯ' ಎಂಬ ಏಕವಚನದಲ್ಲಿ ಕಾಣಿಸಿಕೊಳ್ಳುತ್ತಾರೆ. ವಾಸ್ತವವಾಗಿ ಪತ್ತೇದಾರಿ ಕಾದಂಬರಿಯನ್ನು ಬಾಡಿಗೆಗೆ ತಂದು ಒಂದೇ ರಾತ್ರಿಯಲ್ಲಿ ಮುಗಿಸುವ ವ್ಯಕ್ತಿಯೇ ಬೆಳಗ್ಗೆ ಕಗ್ಗದ ಒಂದು ಪದ್ಯವನ್ನು ಓದಿ ಪುಸ್ತಕ ಮುಚ್ಚಿಡುವುದುಂಟು. ಒಬ್ಬರೇ ಓದುಗರು, ಎರಡು ಪುಸ್ತಕ, ಎರಡು ಬಗೆಯ ನಿರೀಕ್ಷೆ. ಈ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದಾಗ ಒಂದು ಪುಸ್ತಕಕ್ಕಾದರೂ ಅನ್ಯಾಯವಾಗುವುದು ಖಂಡಿತ. ಪ್ರಸ್ತುತ ಲೇಖನದಲ್ಲಿ ಪರಸ್ಪರ ತೀರ ಭಿನ್ನವಾದ ಪ್ರಕಾರಗಳಿಗೆ ಸೇರಿದ ಕೆಲವು ಕನ್ನಡ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ಅವುಗಳಲ್ಲಿ ಓದುಗರು ಮೆಚ್ಚುವ ಅಂಶಗಳು ಯಾವುವು, ಆ ಮೆಚ್ಚುಗೆಗೆ ನಮ್ಮ ಕಾವ್ಯಮೀಮಾಂಸೆಯಲ್ಲಿಯೂ ಆಧುನಿಕ ವಿಮರ್ಶೆಯಲ್ಲಿಯೂ ಎಷ್ಟರಮಟ್ಟಿಗೆ ಜಾಗವಿದೆ ಎಂಬುದನ್ನು ಪರಿಶೀಲಿಸಲಾಗಿದೆ.

ಮೊದಲಿಗೆ ಪ್ರಾಚೀನ ಸಾಹಿತ್ಯದ ಒಂದು ಸಂಗತಿಯನ್ನು ಗಮನಿಸಬಹುದು. ಕನ್ನಡದಲ್ಲಿ ಶಾಸ್ತ್ರಗ್ರಂಥಗಳ ಪರಂಪರೆ ಕಾವ್ಯ ಪರಂಪರೆಯ ಜೊತೆಜೊತೆಗೇ ಬೆಳೆದಿದೆ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಮಳೆಯ ಲಕ್ಷಣ, ಗಿಡಮರಗಳ ಆರೈಕೆ, ಅಡುಗೆ, ಔಷಧಿ ಮುಂತಾದ ದೈನಂದಿನ ವಿಷಯಗಳಿವೆ. ರಾಜಾದಿತ್ಯ ಗಣಿತವನ್ನು, ಕೀರ್ತಿವರ್ಮ ಗೋವುಗಳ ಚಿಕಿತ್ಸೆಯನ್ನು, ಮೂರನೆಯ ಮಂಗರಸ ಪಾಕವಿಧಾನವನ್ನು ಕನ್ನಡದಲ್ಲಿ ಬರೆದರು. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷವೈದ್ಯದ ಗ್ರಂಥ. ಸಸ್ಯ ಮೊದಲಾದ ಸ್ಥಾವರ ವಿಷಗಳನ್ನೂ ಹಾವು ಮೊದಲಾದ ಜಂಗಮ ವಿಷಗಳನ್ನೂ ಅವುಗಳ ಪರಿಹಾರವನ್ನೂ ಅದು ಪದ್ಯರೂಪದಲ್ಲಿ ಹೇಳುತ್ತದೆ. ಸಾಹಿತ್ಯ ಚರಿತ್ರೆಗಳಲ್ಲಿ ಇಂತಹ ಕೃತಿಗಳಿಗೆ ಮೀಸಲಾಗುವುದು ಸಾಮಾನ್ಯವಾಗಿ ಒಂದು ಕಂಡಿಕೆ. ಶೈಲಿ ಲಲಿತವಾಗಿದೆ ಎಂದೋ, ಕಾವ್ಯಗುಣ ಅಷ್ಟಾಗಿ ಇಲ್ಲ ಎಂದೋ ಆ ಕಂಡಿಕೆ ಮುಗಿಯುತ್ತದೆ. ಹಾವು ಕಚ್ಚಿದವನ ಬಳಿ ಕುಳಿತು ಈ ಗ್ರಂಥದ ಓಲೆಗಳನ್ನು ಬಿಚ್ಚುವ ವೈದ್ಯನಿಗೆ ಬೇಕಾದುದು ಯಾವುದು ಎಂಬ ಪ್ರಶ್ನೆ ಅಲ್ಲಿ ಉದ್ಭವಿಸುವುದೇ ಇಲ್ಲ. ಆತನಿಗೆ ಪದ್ಯದ ಬೆಲೆ ನೆನಪಿನ ಬೆಲೆ. ಓಲೆಗರಿ ಕೈಗೆ ಸಿಗದ ಹೊತ್ತಿನಲ್ಲಿಯೂ ಕಂದಪದ್ಯ ಬಾಯಿಗೆ ಬರುತ್ತದೆ, ಮೂಲಿಕೆಯ ಹೆಸರು ಪ್ರಾಸದ ಕೊಂಡಿಯಲ್ಲಿ ಸಿಕ್ಕಿ ಉಳಿಯುತ್ತದೆ. ಛಂದಸ್ಸು ಇಲ್ಲಿ ಅಲಂಕಾರವೆನ್ನುವುದಕ್ಕಿಂತ ಉಪಕರಣ ಎನ್ನುವುದು ಯುಕ್ತ.

ಸೋಜಿಗವೆಂದರೆ ಪಾಶ್ಚಾತ್ಯ ಓದುಗ ಸಿದ್ಧಾಂತದ ಅತ್ಯಂತ ಪ್ರಸಿದ್ಧವಾದ ಉದಾಹರಣೆಯೂ ವಿಷಕ್ಕೆ ಸಂಬಂಧಿಸಿದ್ದೇ ಆಗಿದೆ. ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ ೧೯೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಬಗೆಯ ಓದನ್ನು ಗುರುತಿಸುತ್ತಾರೆ. ಓದಿದ ಮೇಲೆ ಏನು ಕೈಗೆ ಉಳಿಯುತ್ತದೆ ಎಂಬುದರ ಕಡೆಗೆ ಗಮನವಿರುವ ಓದು ಒಂದು. ಓದುತ್ತಿರುವ ಕ್ಷಣದ ಅನುಭವದಲ್ಲಿಯೇ ಗಮನ ನಿಂತಿರುವ ಓದು ಇನ್ನೊಂದು. ಮಗು ವಿಷ ಕುಡಿದಾಗ ತಾಯಿ ಸೀಸೆಯ ಮೇಲಿನ ಚೀಟಿಯನ್ನು ಅವಸರದಿಂದ ಓದುವುದು ಮೊದಲನೆಯದಕ್ಕೆ ಅವರು ಕೊಡುವ ನಿದರ್ಶನ. ಎರಡು ಓದುಗಳ ನಡುವೆ ಗೋಡೆಯಿಲ್ಲ, ಒಂದೇ ಪಠ್ಯವನ್ನು ಎರಡೂ ರೀತಿಯಲ್ಲಿ ಓದಬಹುದು ಎಂಬುದು ಅವರ ವಾದದ ಮುಖ್ಯ ಅಂಶ. 'ಖಗೇಂದ್ರಮಣಿದರ್ಪಣ'ವನ್ನು ಇಂದು ನಾವು ಓದುವ ರೀತಿ ಇದಕ್ಕೆ ಒಳ್ಳೆಯ ಸಾಕ್ಷ್ಯ: ಯಾರೂ ಅದನ್ನು ಚಿಕಿತ್ಸೆಗಾಗಿ ಓದುತ್ತಿಲ್ಲ, ಭಾಷೆಗಾಗಿ, ಪದಕೋಶಕ್ಕಾಗಿ, ಕಾಲದ ತಿಳಿವಳಿಕೆಗಾಗಿ ಓದುತ್ತಿದ್ದೇವೆ. ಗ್ರಂಥ ಬದಲಾಗಿಲ್ಲ, ಅದರಿಂದ ನಾವು ಬೇಡುವುದು ಬದಲಾಗಿದೆ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಹತ್ತಿರವಾದ ಒಂದು ಪರಿಕಲ್ಪನೆ ಇದೆ, ಅದು ಫಲಶ್ರುತಿ. ಈ ಕೃತಿಯನ್ನು ಓದಿದವರಿಗೆ, ಕೇಳಿದವರಿಗೆ ಏನು ಲಭಿಸುತ್ತದೆ ಎಂದು ಕೃತಿಯೇ ಘೋಷಿಸುವ ಭಾಗವದು. ಪುಣ್ಯ, ಸಂತಾನ, ರೋಗನಿವಾರಣೆ ಮುಂತಾದ ಭರವಸೆಗಳಿಂದಾಗಿ ಆಧುನಿಕ ಸಂಪಾದಕರು ಇದನ್ನು ಸಾಂಪ್ರದಾಯಿಕ ಪೂರಣಿಕೆಯೆಂದು ಭಾವಿಸಿರುವುದು ಸಹಜ. ಆದರೆ ಓದಿನ ಪ್ರಯೋಜನವನ್ನು ಕೃತಿಯ ಒಳಗಡೆಯೇ ಮಾತನಾಡುವ, ಅದೂ ಪ್ರಕಾರದಿಂದ ಪ್ರಕಾರಕ್ಕೆ ಭಿನ್ನವಾಗಿ ಮಾತನಾಡುವ ಇಂತಹ ಪದ್ಧತಿ ಹೊಸಗನ್ನಡ ಮುದ್ರಿತ ಪುಸ್ತಕಗಳಲ್ಲಿ ಹಿಂಬದಿಯ ರಕ್ಷಾಪುಟಕ್ಕೆ ಸರಿಯಿತು. ವಿಮರ್ಶೆಯ ಕಣ್ಣಿಗೆ ಅದು ಬೀಳಲಿಲ್ಲ.

ಕಾವ್ಯಮೀಮಾಂಸೆಯ ಕಡೆಗೆ ಬಂದರೆ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯ ಮೂಲಕ ಸ್ನಾತಕೋತ್ತರ ತರಗತಿಗಳಲ್ಲಿ ನಾವೆಲ್ಲರೂ ರಸಸಿದ್ಧಾಂತವನ್ನು ಪರಿಚಯ ಮಾಡಿಕೊಂಡಿದ್ದೇವೆ. ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಿಯಾಗುವ ವಿಘ್ನಗಳನ್ನು ಹೇಳುವಾಗ, ಕೃತಿಯಲ್ಲಿನ ಸುಖದುಃಖಗಳನ್ನು ತನ್ನವೆಂದೋ ಪರರವೆಂದೋ ಖಚಿತವಾಗಿ ಅಂಟಿಸಿಕೊಳ್ಳುವುದನ್ನೂ, ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದನ್ನೂ ಅವುಗಳಲ್ಲಿ ಸೇರಿಸುತ್ತಾನೆ. ಸಾಧಾರಣೀಕರಣ ನಡೆಯಬೇಕಾದರೆ ಓದುಗರು ತಮ್ಮ ವೈಯಕ್ತಿಕತೆಯನ್ನು ಹೊಸ್ತಿಲಾಚೆ ಬಿಟ್ಟು ಬರಬೇಕು. ನಾಟಕದ ಪ್ರೇಕ್ಷಕರನ್ನು ಕುರಿತು ರೂಪುಗೊಂಡ ಈ ವಿವೇಚನೆಯ ಸೂಕ್ಷ್ಮತೆಯನ್ನು ಅಲ್ಲಗಳೆಯಲಾಗದು. ಆದರೂ ಇದನ್ನೇ ಎಲ್ಲ ಓದಿಗೂ ಅನ್ವಯಿಸಿದರೆ ವಿಷವೈದ್ಯನ ಓದು ಓದೇ ಆಗುವುದಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಓದಿ, ಇದು ನನ್ನ ಅಕ್ಕನ ಕಥೆ ಎಂದು ಕಣ್ಣೊರೆಸಿಕೊಂಡ ಗೃಹಿಣಿಯ ಓದಂತೂ ವಿಘ್ನಗಳ ಪಟ್ಟಿಗೇ ಸೇರಬೇಕಾಗುತ್ತದೆ.

ತ್ರಿವೇಣಿಯವರ (೧೯೨೮-೧೯೬೩) ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಮನಶ್ಶಾಸ್ತ್ರದ ಹಿನ್ನೆಲೆಯಿಂದ ಬಂದ ಈ ಲೇಖಕಿ ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಬರೆದ ಕಾದಂಬರಿಗಳು ಅವರ ನಿಧನಾನಂತರವೂ ನಿರಂತರವಾಗಿ ಮರುಮುದ್ರಣ ಕಂಡಿವೆ. 'ಶರಪಂಜರ'ದ ಕಾವೇರಿ ಹೆರಿಗೆಯ ಅನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಅವಳು ಗುಣಮುಖಳಾಗಿದ್ದಾಳೆ ಎಂಬುದನ್ನು ನಂಬಲು ಮಾತ್ರ ಯಾರೂ ಸಿದ್ಧರಿಲ್ಲ. ಗಂಡ, ನೆರೆಹೊರೆ, ಬಂಧುಬಳಗ ಎಲ್ಲರ ಸಂಶಯದ ದೃಷ್ಟಿಯೇ ಅವಳನ್ನು ಮತ್ತೆ ಕಾಯಿಲೆಯತ್ತ ನೂಕುತ್ತದೆ. ಇಲ್ಲಿ ಓದುಗರು ಮೆಚ್ಚುವುದು ಯಾವುದನ್ನು? ಕಥನತಂತ್ರದಲ್ಲಿ ಹೊಸತೇನೂ ಇಲ್ಲ. ಭಾಷೆ ಸರಳ, ಮಧ್ಯಮವರ್ಗದ ಮನೆಯ ಆಡುಮಾತಿಗೆ ಹತ್ತಿರ. ಅದುವರೆಗೆ ಮನೆಯ ಒಳಕೋಣೆಯಲ್ಲಿ ಪಿಸುದನಿಯಲ್ಲಿಯೂ ಆಡಲಾಗದಿದ್ದ ಬಾಣಂತಿಯ ಮಾನಸಿಕ ಕಾಯಿಲೆಯ ವಿಷಯಕ್ಕೆ ಒಂದು ಹೆಸರು, ಒಂದು ಕಥೆ, ಒಂದು ನ್ಯಾಯ ದೊರಕಿತು. ಗುರುತಿಸುವಿಕೆ ಎಂದು ಇದನ್ನು ಕರೆಯಬಹುದು: ತನ್ನದನ್ನು ಗುರುತಿಸಿಕೊಳ್ಳುವುದು, ತಾನು ಗುರುತಿಸಲ್ಪಟ್ಟೆ ಎಂಬ ಸಮಾಧಾನ ಎರಡೂ ಅರ್ಥದಲ್ಲಿ. ಪಾತ್ರಕ್ಕೂ ತನಗೂ ಅಂತರವಿಲ್ಲದಿರುವುದು ಇಂತಹ ಓದಿನ ಆಧಾರ.

ಈ ಸಂದರ್ಭದಲ್ಲಿ ಒಂದು ತೌಲನಿಕ ಅಂಶ ಪ್ರಸ್ತುತವಾಗುತ್ತದೆ. ಜಾನಿಸ್ ರಾಡ್‌ವೇ ಅವರು ೧೯೮೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂದು ಪಟ್ಟಣದ ಪ್ರಣಯ ಕಾದಂಬರಿಗಳ ಓದುಗರಾದ ಮಹಿಳೆಯರನ್ನು ಮಾತನಾಡಿಸಿದರು. ಪಟ್ಟಣಕ್ಕೆ ಅವರು ಸ್ಮಿತ್‌ಟನ್ ಎಂಬ ಬದಲಿ ಹೆಸರನ್ನು ಕೊಟ್ಟಿದ್ದಾರೆ. ಆ ಓದುಗರಿಗೆ ಸುಖಾಂತ್ಯ ಅನಿವಾರ್ಯ. ಕೆಲವರು ಕೊನೆಯ ಪುಟಗಳನ್ನು ಮೊದಲೇ ನೋಡಿ ಖಾತ್ರಿಪಡಿಸಿಕೊಳ್ಳುತ್ತಿದ್ದರು. ಮನೆಗೆಲಸದ ನಡುವೆ ಪುಸ್ತಕ ಹಿಡಿದು ಕೂರುವುದೇ ಅವರಿಗೆ ತಮಗಾಗಿ ಕಾದಿರಿಸಿಕೊಂಡ ಹೊತ್ತು ಎಂಬುದು ರಾಡ್‌ವೇ ಅವರ ಮುಖ್ಯ ಶೋಧ. ಕನ್ನಡದ ಮಹಿಳಾ ಕಾದಂಬರಿಗಳ ಬಗ್ಗೆ ನಡೆಯುವ ಅಧ್ಯಯನಗಳು ಈ ಮಾದರಿಯನ್ನು ಇದ್ದಂತೆಯೇ ಎರವಲು ಪಡೆಯುವುದುಂಟು. ಆದರೆ 'ಶರಪಂಜರ'ದ ಅಂತ್ಯ ದುರಂತ, ಅದೇ ತ್ರಿವೇಣಿಯವರ ಅತ್ಯಂತ ಜನಪ್ರಿಯ ಕೃತಿಗಳಲ್ಲಿ ಒಂದು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ದಲ್ಲಿ ಬಾಲವಿಧವೆಯ ಬದುಕಿಗೆ ಯಾವ ಮದುವೆಯ ಬಿಡುಗಡೆಯೂ ಇಲ್ಲ. ಕನ್ನಡದ ಓದುಗ ಮಹಿಳೆಯರು ಕಾದಂಬರಿಯಿಂದ ಸುಖಾಂತ್ಯದ ಸಾಂತ್ವನವನ್ನಷ್ಟೇ ಅಪೇಕ್ಷಿಸಿದರು ಎನ್ನಲು ಈ ಎರಡು ಕೃತಿಗಳೇ ಅವಕಾಶ ಕೊಡುವುದಿಲ್ಲ. ಇದು ಹೀಗೇ ನಡೆಯುತ್ತದೆ ಎಂಬ ದೃಢೀಕರಣ ಅವರಿಗೆ ಸುಖಾಂತ್ಯಕ್ಕಿಂತ ಬೆಲೆಯುಳ್ಳದ್ದಾಗಿದ್ದಿರಬೇಕು ಎಂದು ನನ್ನ ಊಹೆ. ನವ್ಯ ವಿಮರ್ಶೆ ಈ ಕಾದಂಬರಿಗಳನ್ನು ಭಾವುಕ ಎಂಬ ಒಂದೇ ಪದದಲ್ಲಿ ಪಕ್ಕಕ್ಕೆ ಸರಿಸಿದ್ದು ಅವಸರದ ತೀರ್ಪು. ಸ್ತ್ರೀವಾದಿ ವಿಮರ್ಶೆ ಅನಂತರ ಅದನ್ನು ಬಹುಮಟ್ಟಿಗೆ ತಿದ್ದಿದೆ.

ಪತ್ತೇದಾರಿ ಸಾಹಿತ್ಯಕ್ಕೆ ಅಂತಹ ತಿದ್ದುಪಡಿಯ ಭಾಗ್ಯ ಒದಗಿಲ್ಲ. ಎನ್. ನರಸಿಂಹಯ್ಯನವರು (೧೯೨೫-೨೦೧೧) ಐದುನೂರಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಒಂದು ತಲೆಮಾರಿನ ಓದುಗರ ಬಾಯಲ್ಲಿತ್ತು. ಕನ್ನಡದಲ್ಲಿ ತಾವು ಓದು ಕಲಿತದ್ದೇ ಇವರ ಪುಸ್ತಕಗಳಿಂದ ಎಂದು ನೆನೆಯುವವರಲ್ಲಿ ಗಂಭೀರ ಸಾಹಿತ್ಯದ ಲೇಖಕರೂ ಇದ್ದಾರೆ. ಹಿಂದೆ ಗಳಗನಾಥರು ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿ ಓದುಗರನ್ನು ಸೃಷ್ಟಿಸಿದರು ಎಂಬುದನ್ನು ನಾವು ಅಭಿಮಾನದಿಂದ ಪಾಠ ಹೇಳುತ್ತೇವೆ. ಅದೇ ಕೆಲಸವನ್ನು ಸ್ವಾತಂತ್ರ್ಯೋತ್ತರ ಕಾಲದಲ್ಲಿ ಬಾಡಿಗೆ ಪುಸ್ತಕದಂಗಡಿಗಳ ಮುಖಾಂತರ ಮಾಡಿದವರನ್ನು ಕುರಿತು ಹಾಗೆ ಹೇಳಲು ಹಿಂಜರಿಯುತ್ತೇವೆ.

ಪತ್ತೇದಾರಿ ಕಾದಂಬರಿಯಲ್ಲಿ ಓದುಗರು ಬೆಲೆ ಕೊಡುವುದು ಮಾಹಿತಿಯ ವಿತರಣೆಗೆ. ಯಾವ ಸಂಗತಿಯನ್ನು ಎಷ್ಟು ಹೊತ್ತು ಮುಚ್ಚಿಡಬೇಕು, ಯಾವುದನ್ನು ಕಣ್ಣೆದುರೇ ಇಟ್ಟು ಕಾಣದಂತೆ ಮಾಡಬೇಕು ಎಂಬುದರಲ್ಲಿ ಲೇಖಕರ ಕೌಶಲವಿದೆ. ತ್ಸ್ವೆತಾನ್ ತೊದೊರೊವ್ ೧೯೬೬ರ ತನ್ನ ಪ್ರಬಂಧದಲ್ಲಿ ಪತ್ತೇದಾರಿ ಕಾದಂಬರಿಯೊಳಗೆ ಎರಡು ಕಥೆಗಳಿರುತ್ತವೆ ಎಂದು ವಿವರಿಸುತ್ತಾನೆ: ಅಪರಾಧದ ಕಥೆ ಆರಂಭಕ್ಕೆ ಮೊದಲೇ ಮುಗಿದಿರುತ್ತದೆ, ಪುಟಗಳಲ್ಲಿ ನಡೆಯುವುದು ಶೋಧನೆಯ ಕಥೆ. ಅದೇ ಪ್ರಬಂಧದಲ್ಲಿ ಇನ್ನೂ ಮಹತ್ವದ ಒಂದು ಮಾತಿದೆ. ಶ್ರೇಷ್ಠ ಸಾಹಿತ್ಯಕೃತಿ ತನ್ನ ಪ್ರಕಾರದ ನಿಯಮವನ್ನು ಮುರಿದು ಹೊಸತನ್ನು ಸ್ಥಾಪಿಸುತ್ತದೆ. ಜನಪ್ರಿಯ ಸಾಹಿತ್ಯದಲ್ಲಿ ಮಾತ್ರ ಪ್ರಕಾರದ ನಿಯಮವನ್ನು ಚೆನ್ನಾಗಿ ಪಾಲಿಸಿದ ಕೃತಿಯೇ ಶ್ರೇಷ್ಠ ಎಂಬುದು ಆ ಮಾತಿನ ತಾತ್ಪರ್ಯ. ನಾವು ಹೊಸತನವನ್ನೇ ಪರಮ ಮೌಲ್ಯವೆಂದು ಒಪ್ಪಿಕೊಂಡ ಮೇಲೆ, ಐದುನೂರು ಬಾರಿ ಒಂದೇ ಒಪ್ಪಂದವನ್ನು ಪಾಲಿಸಿದ ಲೇಖಕನ ಶಿಸ್ತನ್ನು ಹೊಗಳುವ ಭಾಷೆ ನಮ್ಮ ಬಳಿ ಉಳಿಯುವುದಿಲ್ಲ. ಯಕ್ಷಗಾನ, ಹರಿಕಥೆಗಳ ವಿಷಯದಲ್ಲಿ ಆ ಭಾಷೆ ನಮಗೆ ಸುಲಭವಾಗಿ ಸಿಗುತ್ತದೆ ಎಂಬುದು ವಿಚಿತ್ರ. ಕಥೆ ಮೊದಲೇ ಗೊತ್ತಿರುವ ಪ್ರಸಂಗವನ್ನು ನೂರನೆಯ ಸಲ ನೋಡುವ ಪ್ರೇಕ್ಷಕರನ್ನು ರಸಿಕರೆನ್ನುತ್ತೇವೆ. ನೂರನೆಯ ಪತ್ತೇದಾರಿ ಕಾದಂಬರಿಯನ್ನು ಓದುವವರನ್ನು ವ್ಯಸನಿಗಳೆನ್ನುತ್ತೇವೆ.

ಅಂತ್ಯದ ವಿಚಾರದಲ್ಲಿ ಈ ಪ್ರಕಾರದ ಓದುಗರ ನೀತಿಸಂಹಿತೆ ಕಟ್ಟುನಿಟ್ಟಾದುದು. ಬಾಡಿಗೆ ಪುಸ್ತಕದ ಮೊದಲ ಪುಟದಲ್ಲಿಯೇ ಕೊಲೆಗಾರನ ಹೆಸರನ್ನು ಪೆನ್ಸಿಲಿನಿಂದ ಬರೆದಿಡುವ ಕಿಡಿಗೇಡಿತನದ ಬಗ್ಗೆ ಹಳೆಯ ಓದುಗರು ಇಂದಿಗೂ ಹೇಳುವುದುಂಟು. ಹಾಗೆ ಬರೆದಿಟ್ಟರೆ ಪುಸ್ತಕದ ಒಂದು ಪದವೂ ನಾಶವಾಗುವುದಿಲ್ಲ, ಆದರೂ ಪುಸ್ತಕ ಹಾಳಾಯಿತು ಎನ್ನುತ್ತಾರೆ. 'ಶರಪಂಜರ'ದ ಅಂತ್ಯವನ್ನು, 'ಗದುಗಿನ ಭಾರತ'ದ ಗದಾಯುದ್ಧವನ್ನು ಮೊದಲೇ ಹೇಳಿದರೆ ಅವುಗಳಿಗೆ ಏನೂ ಆಗುವುದಿಲ್ಲ. ಒಂದು ಪ್ರಕಾರದಲ್ಲಿ ಗುಟ್ಟಾಗಿ ಕಾಯಬೇಕಾದುದು ಇನ್ನೊಂದರಲ್ಲಿ ಎಲ್ಲರಿಗೂ ತಿಳಿದ ಆಸ್ತಿ. ಪ್ರಕಾರವೆಂದರೆ ಬರೆಯುವವರು ಮತ್ತು ಓದುವವರ ನಡುವಿನ ಒಪ್ಪಂದ ಎಂಬ ಮಾತನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ನಿದರ್ಶನ ಬೇರೊಂದಿಲ್ಲ.

ಡಿ. ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ' (೧೯೪೩) ಇದಕ್ಕೆ ಪೂರ್ಣ ವಿರುದ್ಧವಾದ ಓದನ್ನು ಬೇಡುತ್ತದೆ. ೯೪೫ ಚೌಪದಿಗಳ ಈ ಕೃತಿಯಲ್ಲಿ ಬಿಚ್ಚಿಕೊಳ್ಳಬೇಕಾದ ಕಥೆಯಿಲ್ಲ, ತಲುಪಬೇಕಾದ ಕೊನೆಯಿಲ್ಲ. ಬಹುಪಾಲು ಓದುಗರು ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿರಲಿಕ್ಕಿಲ್ಲ. ಹಾಗೆ ಓದದಿರುವುದು ದೋಷವೂ ಅಲ್ಲ. ಎಲ್ಲಿ ಬೇಕಾದರೂ ತೆರೆದು ಒಂದು ಪದ್ಯ ಓದಿ, ಅದನ್ನು ಜೇಬಿನಲ್ಲಿಟ್ಟುಕೊಂಡಂತೆ ದಿನದ ವ್ಯವಹಾರಕ್ಕೆ ಹೊರಡಬಹುದು. ಮದುವೆಯ ಕರೆಯೋಲೆಯಲ್ಲಿ, ಕಚೇರಿಯ ಗೋಡೆಯಲ್ಲಿ, ಉಪನ್ಯಾಸದ ನಡುವೆ, ಸಾವಿನ ಮನೆಯಲ್ಲಿ ಕೂಡ ಕಗ್ಗದ ಸಾಲು ಕೇಳಿಬರುತ್ತದೆ. ಆದಿಪ್ರಾಸ, ಸಮಗಾತ್ರದ ನಾಲ್ಕು ಪಾದ, ಕೊನೆಯಲ್ಲಿ ತಿಮ್ಮನನ್ನು ಕರೆಯುವ ಸಂಬೋಧನೆ ಈ ಮೂರೂ ಸೇರಿ ಪದ್ಯವನ್ನು ಬಿಡಿಯಾಗಿ ಸಾಗಿಸಲು ಹಗುರ ಮಾಡಿವೆ. ವಚನಗಳಿಗೂ ಸರ್ವಜ್ಞನ ತ್ರಿಪದಿಗಳಿಗೂ ಇದೇ ಗುಣವಿದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೃತಿಯ ಸಾವಯವ ಶಿಲ್ಪವನ್ನು ಹುಡುಕುವ ವಿಮರ್ಶೆಗೆ ಕಗ್ಗ ಒಗ್ಗದೆ ಹೋದದ್ದು ಈ ಕಾರಣದಿಂದಲೇ. ಅದರ ತಾತ್ವಿಕತೆಯನ್ನು ಒಪ್ಪುವುದು ಬಿಡುವುದು ಬೇರೆ ವಿಚಾರ. ಅದರ ವೈಚಾರಿಕ ಸಂಪ್ರದಾಯಶೀಲತೆಯನ್ನು ಪ್ರಶ್ನಿಸುವವರ ವಾದದಲ್ಲಿ ಹುರುಳಿದೆ. ಆದರೂ ಓದುಗರು ಅದನ್ನು ಸಂಚಿಯ ಹಾಗೆ ಬಳಸುತ್ತಾರೆ, ಕಟ್ಟಡದ ಹಾಗೆ ನೋಡುವುದಿಲ್ಲ ಎಂಬ ಸರಳ ಸಂಗತಿಯನ್ನು ಅವರೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಗುಂಡಪ್ಪನವರ ಪುತ್ರ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' (೧೯೭೬) ಬೇರೆಯೇ ಸಮಸ್ಯೆಯನ್ನು ಮುಂದಿಡುತ್ತದೆ. ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಪುಸ್ತಕ ಪ್ರವಾಸ ಕಥನವೋ, ಸಸ್ಯಶಾಸ್ತ್ರವೋ, ಲಲಿತ ಪ್ರಬಂಧವೋ ಎಂದು ತೀರ್ಮಾನಿಸುವುದು ಕಷ್ಟ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಲೇಖಕರು ವಿದ್ಯಾರ್ಥಿಗಳ ಜೊತೆ ಪಶ್ಚಿಮಘಟ್ಟದ ಕಾಡುಗಳಲ್ಲಿ ಅಲೆದ ಅನುಭವ, ಗಿಡಗಳ ವಿವರ, ಅವರೇ ಬರೆದ ಚಿತ್ರಗಳು, ವಿದ್ಯಾರ್ಥಿಗಳ ತುಂಟತನ, ಹಳೆಯ ಕಾವ್ಯಗಳ ಉಲ್ಲೇಖ ಎಲ್ಲವೂ ಅದರಲ್ಲಿವೆ. ಇಲ್ಲಿ ಓದುಗರು ಅಪೇಕ್ಷಿಸುವ ಮೊದಲ ಗುಣ ನಂಬಿಕೆ. ಹೇಳಿದ ಗಿಡ ಇರಬೇಕು, ಹೇಳಿದಂತೆಯೇ ಇರಬೇಕು. ಎಲೆಯ ಜೋಡಣೆ ತಪ್ಪಿದರೆ ಹಾಸ್ಯ ಎಷ್ಟೇ ಸೊಗಸಾಗಿದ್ದರೂ ಪುಸ್ತಕದ ಬೆಲೆ ಇಳಿಯುತ್ತದೆ. ಎರಡನೆಯದು, ತಿಳಿದವರ ಸಹವಾಸದ ಸುಖ. ಪಠ್ಯಪುಸ್ತಕದಲ್ಲಿ ಇದೇ ಮಾಹಿತಿ ಸಿಕ್ಕರೂ ಗುರುವಿನೊಂದಿಗೆ ನಡೆಯುತ್ತ ಕಲಿಯುವ ಅನುಭವ ಅಲ್ಲಿ ಸಿಗದು. ಶಿವರಾಮ ಕಾರಂತರು ಮೂವತ್ತರ ದಶಕದಲ್ಲಿ ಮಕ್ಕಳಿಗಾಗಿ ಸಿದ್ಧಪಡಿಸಿದ 'ಬಾಲಪ್ರಪಂಚ' ಸಂಪುಟಗಳನ್ನೂ ಓದುಗರು ಮೆಚ್ಚಿದ್ದು ಇಂತಹುದೇ ಕಾರಣಕ್ಕೆ. ಒಬ್ಬನೇ ಮನುಷ್ಯ ಇಷ್ಟೆಲ್ಲವನ್ನು ತಿಳಿಯಲು ಹೊರಟಿದ್ದಾನೆ ಎಂಬ ಬೆರಗು ಆ ಪುಟಗಳಲ್ಲಿದೆ. ಅಲ್ಲಿನ ಎಷ್ಟೋ ವೈಜ್ಞಾನಿಕ ಮಾಹಿತಿ ಇಂದು ಹಳತಾಗಿದ್ದರೂ ಆ ಬೆರಗು ಹಳತಾಗಿಲ್ಲ.

ಇದುವರೆಗೆ ಹೇಳಿದ ಮೌಲ್ಯಗಳು ಪ್ರತ್ಯೇಕ ಪ್ರಕಾರಗಳಲ್ಲಿಯೇ ಬಂದಿಗಳಾಗಿವೆ ಎಂದು ಭಾವಿಸಬಾರದು. ಪೂರ್ಣಚಂದ್ರ ತೇಜಸ್ವಿಯವರು ಇದನ್ನು ಚೆನ್ನಾಗಿ ಅರಿತಿದ್ದರು. 'ಕರ್ವಾಲೊ' (೧೯೮೦) ಹಾರುವ ಓತಿಯೊಂದರ ಹುಡುಕಾಟ. ಸುಳಿವು, ಸಾಕ್ಷಿ, ಅನುಮಾನ, ಬೆನ್ನಟ್ಟುವಿಕೆ ಎಲ್ಲವೂ ಪತ್ತೇದಾರಿ ಕಾದಂಬರಿಯ ಸಾಮಗ್ರಿ. ಅದರ ಜೊತೆಗೆ ಮಲೆನಾಡಿನ ಜೀವಜಗತ್ತಿನ ಬಗ್ಗೆ 'ಹಸುರು ಹೊನ್ನು'ವಿನಿಂದ ಅಪೇಕ್ಷಿಸುವಂತಹ ನಂಬಲರ್ಹ ವಿವರಗಳೂ ಇವೆ. ಎರಡು ಬಗೆಯ ಓದುಗರನ್ನೂ ಕೊನೆಯ ಪುಟದವರೆಗೆ ಕರೆತಂದು, ಓತಿ ಕೈಗೆ ಸಿಗದೆ ಕಣಿವೆಯ ಆಳದ ಕಡೆಗೆ ತೇಲಿಹೋಗುವಂತೆ ಅವರು ಮಾಡುತ್ತಾರೆ. ಪತ್ತೇದಾರಿ ಓದಿನ ಒಪ್ಪಂದವನ್ನು ಮುರಿದ ಆ ಕ್ಷಣದಲ್ಲಿಯೇ ಕಾದಂಬರಿ ಬೇರೊಂದು ಎತ್ತರಕ್ಕೆ ಏರುತ್ತದೆ. ಒಪ್ಪಂದದ ಪರಿಚಯವೇ ಇಲ್ಲದ ಓದುಗರಿಗೆ ಅದು ಮುರಿದದ್ದು ತಿಳಿಯುವುದಾದರೂ ಹೇಗೆ? 'ಚಿದಂಬರ ರಹಸ್ಯ' (೧೯೮೫) ವಿಜ್ಞಾನಿಯೊಬ್ಬರ ಅನುಮಾನಾಸ್ಪದ ಸಾವಿನ ತನಿಖೆಯನ್ನು ಎಳೆಯಾಗಿ ಹಿಡಿಯುತ್ತದೆ. 'ಜುಗಾರಿ ಕ್ರಾಸ್' (೧೯೯೪) ನೇರವಾಗಿ ರೋಚಕ ಕಾದಂಬರಿಯ ವೇಗವನ್ನೇ ತೊಟ್ಟುಕೊಂಡಿದೆ. ಹಳೆಯ ಕಾವ್ಯವೊಂದರ ಹಸ್ತಪ್ರತಿಯೂ ಅಲ್ಲಿ ಒಗಟಿನ ಭಾಗವಾಗುತ್ತದೆ ಎಂಬುದು ನಮ್ಮಂತಹ ಕನ್ನಡ ಅಧ್ಯಾಪಕರಿಗೆ ವಿಶೇಷ ಸಂತೋಷದ ಸಂಗತಿ.

ಹಾನ್ಸ್ ರಾಬರ್ಟ್ ಯಾಸ್ ೧೯೬೭ರಲ್ಲಿ ಮಂಡಿಸಿದ ನಿರೀಕ್ಷೆಯ ದಿಗಂತ ಎಂಬ ಪರಿಕಲ್ಪನೆ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಆಗಾಗ ಉಲ್ಲೇಖಗೊಳ್ಳುತ್ತದೆ. ಕೃತಿಯು ತನ್ನ ಕಾಲದ ಓದುಗರ ನಿರೀಕ್ಷೆಯಿಂದ ಎಷ್ಟು ದೂರ ಸರಿಯುತ್ತದೆ ಎಂಬುದರ ಮೇಲೆ ಅದರ ಕಲಾತ್ಮಕ ಮೌಲ್ಯವನ್ನು ಅಳೆಯಬಹುದು ಎಂಬುದು ಅದರ ಒಂದು ಮುಖ. 'ಕರ್ವಾಲೊ'ದ ನಿರೀಕ್ಷೆಯ ದಿಗಂತವನ್ನು ಪುನಾರಚಿಸಬೇಕಾದರೆ ಎಪ್ಪತ್ತರ ದಶಕದ ಓದುಗರ ಕೈಯಲ್ಲಿದ್ದ ಪತ್ತೇದಾರಿ ಕಾದಂಬರಿಗಳು, ಬೇಟೆಯ ಕಥೆಗಳು, ವಾರಪತ್ರಿಕೆಗಳ ಧಾರಾವಾಹಿಗಳು, ವಿಜ್ಞಾನ ಲೇಖನಗಳು ನಮಗೆ ಬೇಕಾಗುತ್ತವೆ. ಇಲ್ಲಿಯೇ ಕಷ್ಟ ಎದುರಾಗುವುದು. ಅಗ್ಗದ ಕಾಗದದಲ್ಲಿ ಅಚ್ಚಾದ, ನೂರಾರು ಕೈ ದಾಟಿದ ಈ ಪುಸ್ತಕಗಳನ್ನು ಕೂಡಿಡುವುದು ಯಾರ ಹೊಣೆಯೂ ಆಗಿರಲಿಲ್ಲ. ಬಾಡಿಗೆ ಪುಸ್ತಕದಂಗಡಿಗಳು ಒಂದೊಂದಾಗಿ ಮುಚ್ಚಿದಾಗ ಅವು ರದ್ದಿಯವರ ತಕ್ಕಡಿಗೆ ಹೋದವು. ಸಾಹಿತ್ಯಮೌಲ್ಯವಿಲ್ಲ ಎಂಬ ನಮ್ಮ ತೀರ್ಪು ಗ್ರಂಥಾಲಯದ ಖರೀದಿ ಪಟ್ಟಿಯ ಮೇಲೂ ಪರಿಣಾಮ ಬೀರಿದೆ ಎಂಬುದನ್ನು ಸಂಶೋಧಕರು ಅನುಭವದಿಂದ ಬಲ್ಲರು. 'ಲೋಕೋಪಕಾರ'ದ ಓಲೆಗರಿಗಳು ಯಾರದೋ ಮನೆಯ ಅಟ್ಟದಲ್ಲಿ ಉಳಿದು ನಮ್ಮ ಕಾಲಕ್ಕೆ ಬಂದವು, ಏಕೆಂದರೆ ಮಳೆ, ಬೆಳೆ, ಔಷಧಿಗಳ ಆ ಮಾಹಿತಿ ಅವರಿಗೆ ಬೇಕಾಗಿತ್ತು.

ಆದ್ದರಿಂದ ಸದ್ಯಕ್ಕೆ ಆಗಬೇಕಾದ ಕೆಲಸ ಸಿದ್ಧಾಂತಕ್ಕಿಂತ ಹೆಚ್ಚಾಗಿ ಸಂಗ್ರಹದ್ದು. ಖಾಸಗಿ ವಾಚನಾಲಯಗಳನ್ನು ನಡೆಸಿದವರು, ಅಲ್ಲಿಂದ ಪುಸ್ತಕ ಒಯ್ಯುತ್ತಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಳಿ ಬಾಡಿಗೆಯ ವಹಿಗಳು, ಹರಿದ ಪ್ರತಿಗಳು, ಅಂಚಿನಲ್ಲಿ ಗೀಚಿದ ಟಿಪ್ಪಣಿಗಳು ಉಳಿದಿರಬಹುದು. ಎಂ.ಫಿಲ್., ಪಿಎಚ್.ಡಿ. ಹಂತದಲ್ಲಿ ಲೇಖಕಕೇಂದ್ರಿತ ವಿಷಯಗಳನ್ನು ಆಯ್ದು ಬರೆಯಲಾದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಒಂದು ಊರಿನ ಒಂದು ಬಾಡಿಗೆ ಪುಸ್ತಕದಂಗಡಿಯ ವಹಿಯನ್ನು ಆಧಾರವಾಗಿಟ್ಟುಕೊಂಡು, ಒಬ್ಬರೇ ವ್ಯಕ್ತಿ ಒಂದು ವರ್ಷದಲ್ಲಿ ಯಾವ ಯಾವ ಪ್ರಕಾರದ ಪುಸ್ತಕಗಳನ್ನು, ಯಾವ ಅನುಕ್ರಮದಲ್ಲಿ, ಎಷ್ಟು ದಿನ ಇಟ್ಟುಕೊಂಡು ಓದಿದರು ಎಂಬುದನ್ನು ದಾಖಲಿಸುವ ಅಧ್ಯಯನಕ್ಕೆ ವಿಷಯವೂ ಇದೆ, ಸಾಮಗ್ರಿಯೂ ಸ್ವಲ್ಪ ಕಾಲ ಉಳಿದಿರುತ್ತದೆ.